ಚಾಳೀಸಿಗೆ ನಾಚಿಕೆ ಏಕೆ?

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಪ್ರೀತಿಯ ಮಗುವನ್ನು ಕಣ್ಮಣಿ ಎನ್ನುತ್ತೇವೆ. ಮನೆಗೆ ಆಧಾರವಾದವನನ್ನು ಮನೆಯ ಕಣ್ಣು ಎನ್ನುತ್ತೇವೆ. ಮಾತಿನಲ್ಲಿ ಇಷ್ಟೊಂದು ಗೌರವ ಕೊಡುವ ನಾವು ನಿಜವಾದ ಕಣ್ಣಿಗೆ ಎಷ್ಟು ಲಕ್ಷ್ಯ ಕೊಡುತ್ತೇವೆ? ಅದರಲ್ಲಿಯೂ ನಲವತ್ತು ದಾಟಿದ ಕಣ್ಣಿಗೆ? ಈ ಪ್ರಶ್ನೆಯನ್ನು ಈ ವರ್ಷದ ಸಂಚಿಕೆಯ ಮೂಲಕ ವಿದ್ಯಾರ್ಥಿಗಳ ಮುಂದೆಯೂ ಅವರ ಪಾಲಕರ ಮುಂದೆಯೂ ಇಡಬಯಸುತ್ತೇವೆ.

ಪಾಠ ಹೇಳುವವರು ಮೊದಲು ತಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಆದುದರಿಂದ ನಮ್ಮ ಕಥೆಯಿಂದಲೇ ಪ್ರಾರಂಭಿಸುತ್ತೇವೆ.

ಎರಡು ವರ್ಷಗಳ ಹಿಂದೆ ನಾವು ಎಂಟನೆಯ ಇಯತ್ತೆಯ ನಿಬಂಧದ ವಹಿಗಳನ್ನು ತಿದ್ದುತ್ತಿದ್ದೆವು. ಮಳೆಗಾಲದ ಸಂಜೆ, ಮಂದ ಬೆಳಕು. ಒಬ್ಬ ಹುಡುಗನ ಬರವಣಿಗೆಯಲ್ಲಿ ‘ಧನ’ ಎಂದಿರಬೇಕಾದ ಕಡೆಯಲ್ಲೆಲ್ಲ ‘ದನ’ ಎಂದು ಕಂಡಿತು. ಐದಾರು ಕಡೆ ಕೆಂಪು ಗೆರೆ ಎಳೆದೆವು. ಮರುದಿನ ವರ್ಗದಲ್ಲಿ ಅವನನ್ನು ನಿಲ್ಲಿಸಿ, “ನಿಮ್ಮ ಮನೆಯಲ್ಲಿ ದನವೇ ಧನವೇನಪ್ಪಾ?” ಎಂದು ಕೇಳಿದೆವು. ಹುಡುಗರೆಲ್ಲ ನಕ್ಕರು. ಅವನು ಮೆಲ್ಲಗೆ, “ಗೀಟು ಹಾಕೀನ್ರಿ ಸರ್” ಎಂದ. “ಎದುರು ವಾದಿಸಬೇಡ, ಕುಳಿತುಕೊ” ಎಂದು ಗದರಿಸಿದೆವು. ಅವನು ಕುಳಿತುಕೊಂಡ. ಅಂದಿನಿಂದ ಅವನು ವರ್ಗದಲ್ಲಿ ಕೈ ಎತ್ತುವುದನ್ನೇ ಬಿಟ್ಟ.

ಕೆಲವು ದಿನಗಳ ನಂತರ ಶಿಕ್ಷಕರ ಕೋಣೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರ ಚಷ್ಮಾ ಮೇಜಿನ ಮೇಲಿತ್ತು. ಸುಮ್ಮನೆ ಹಾಕಿಕೊಂಡು ನೋಡಿದೆವು. ಕೈಯಲ್ಲಿ ಅದೇ ವಹಿಗಳ ಕಟ್ಟು ಇತ್ತು. ಹುಡುಗ ಹೇಳಿದ್ದು ನಿಜವಾಗಿತ್ತು. ಪ್ರತಿಯೊಂದು ‘ಧ’ದ ಕೆಳಗೂ ಪುಟ್ಟ ಗೀಟು ಇತ್ತು. ಪೆನ್ಸಿಲಿನಷ್ಟು ತೆಳುವಾಗಿದ್ದರೂ ಇತ್ತು. ಇಲ್ಲದಿದ್ದದ್ದು ನಮ್ಮ ಕಣ್ಣಿನಲ್ಲಿ ಮಾತ್ರ.

ನಮ್ಮ ಕನ್ನಡ ಲಿಪಿಯಲ್ಲಿ ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಷ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ಅಂತರ ಒಂದು ಎಳೆಯಷ್ಟು. ಆ ಎಳೆಯನ್ನು ಕಾಣುವುದೇ ಕನ್ನಡ ಶಿಕ್ಷಕನ ಕೆಲಸ. ಅದು ಕಾಣದಾದಾಗ ಬಾಯಿಬಿಟ್ಟು ಹೇಳುವ ಧೈರ್ಯ ನಮಗಿರಲಿಲ್ಲ. ಒಂದೂವರೆ ವರ್ಷದಿಂದ ಪುಸ್ತಕವನ್ನು ದೂರ ದೂರ ಹಿಡಿದು ಓದುತ್ತಿದ್ದೆವು. ಮುದ್ರಣ ಸರಿಯಿಲ್ಲವೆಂದು ಪಠ್ಯಪುಸ್ತಕವನ್ನು ಬೈಯುತ್ತಿದ್ದೆವು. ಸಂಜೆಗೆ ಹಣೆ ಸಿಡಿಯುತ್ತಿತ್ತು. ಮನೆಯಲ್ಲಿ ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು. ಕೆಲಸದ ಹೊರೆ ಹೆಚ್ಚಾಯಿತೆಂದು ನಾವೇ ನಮಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಕಾರಣ ಕಣ್ಣಿನಲ್ಲಿತ್ತು. ಚಷ್ಮಾ ಹಾಕಿದರೆ ಮುದುಕರಾದೆವೆಂದು ಜನ ಅಂದಾರು ಎಂಬ ನಾಚಿಕೆ ಅದನ್ನು ಮುಚ್ಚಿಟ್ಟಿತ್ತು. ನಮ್ಮ ನಾಚಿಕೆಗೆ ದಂಡ ತೆತ್ತವನು ಮಾತ್ರ ಆ ಹುಡುಗ.

ಮರುದಿನ ವರ್ಗದ ಮುಂದೆ ಅವನ ಕ್ಷಮೆ ಕೇಳಿದೆವು. ಗುಣಗಳನ್ನು ತಿದ್ದಿಕೊಟ್ಟೆವು. ಆ ವಾರವೇ ಕಣ್ಣು ಪರೀಕ್ಷೆ ಮಾಡಿಸಿಕೊಂಡೆವು. ಅವನು ಮತ್ತೆ ಕೈ ಎತ್ತಲು ಮೂರು ತಿಂಗಳು ಬೇಕಾಯಿತು.

ನಲವತ್ತರ ಸುಮಾರಿಗೆ ಕಣ್ಣಿನಲ್ಲಿ ನಡೆಯುವುದೇನು? ನಮ್ಮ ಕಣ್ಣಿನೊಳಗೆ ಒಂದು ಪಾರದರ್ಶಕ ಮಸೂರವಿದೆ. ಅದರ ಸುತ್ತ ಸಣ್ಣದೊಂದು ಸ್ನಾಯು ಇದೆ. ದೂರದ ಗುಡ್ಡವನ್ನು ನೋಡುವಾಗ ಈ ಸ್ನಾಯು ವಿಶ್ರಾಂತಿಯಲ್ಲಿರುತ್ತದೆ. ಕೈಯಲ್ಲಿಯ ಪುಸ್ತಕವನ್ನು ನೋಡುವಾಗ ಸ್ನಾಯು ಸಂಕುಚಿಸುತ್ತದೆ, ಮಸೂರ ಉಬ್ಬುತ್ತದೆ, ಹತ್ತಿರದ ಅಕ್ಷರ ಸ್ಪಷ್ಟವಾಗುತ್ತದೆ. ಹತ್ತು ವರ್ಷದ ಹುಡುಗನ ಮಸೂರ ಮೆತ್ತಗಿರುತ್ತದೆ. ಅವನು ಮೂಗಿನಿಂದ ಏಳೆಂಟು ಸೆಂಟಿಮೀಟರಿನಲ್ಲಿ ಹಿಡಿದ ಅಕ್ಷರವನ್ನೂ ಓದಬಲ್ಲ. ವಯಸ್ಸಾದಂತೆ ಮಸೂರ ಬಿರುಸಾಗುತ್ತ ಹೋಗುತ್ತದೆ. ನಲವತ್ತರ ಸುಮಾರಿಗೆ ಅಕ್ಷರ ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರಿಗಿಂತ ಹತ್ತಿರ ಬಂದರೆ ಮಸುಕಾಗುತ್ತದೆ. ಐವತ್ತಕ್ಕೆ ಕೈ ಉದ್ದ ಚಾಚಿದರೂ ಸಾಲದೆ ಹೋಗುತ್ತದೆ. ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ನಿಂತವನಿಗೆ ಅಷ್ಟು ದೂರದ ಸಂಕೇಶ್ವರದ ಬಸ್ಸಿನ ಬೋರ್ಡು ಕಾಣುತ್ತದೆ, ಹತ್ತಿದ ಮೇಲೆ ಕೈಯಲ್ಲಿಯ ಟಿಕೇಟು ಕಾಣುವುದಿಲ್ಲ. ಇದೇ ಈ ದೋಷದ ಗುರುತು.

ಇದು ರೋಗವಲ್ಲ, ಆಲಸ್ಯವಲ್ಲ, ಯಾರ ಪಾಪದ ಫಲವೂ ಅಲ್ಲ. ಕೂದಲು ನರೆಯುವ ಹಾಗೆ ಇದೂ ವಯಸ್ಸಿನ ಧರ್ಮ. ರಾಜನಿಗೂ ಬರುತ್ತದೆ, ಕೂಲಿಯವನಿಗೂ ಬರುತ್ತದೆ. ಭಾಷೆಯೇ ಇದಕ್ಕೆ ಸಾಕ್ಷಿ. ಹಿಂದುಸ್ತಾನಿಯಲ್ಲಿ ‘ಚಾಲೀಸ್’ ಎಂದರೆ ನಲವತ್ತು. ಕನ್ನಡಕ್ಕೆ ಬಂದ ಮೇಲೆ ಆ ಮಾತು ನಲವತ್ತರಲ್ಲಿ ಬೇಕಾಗುವ ಕನ್ನಡಕಕ್ಕೇ ಹೆಸರಾಯಿತು. ನಮ್ಮ ಅಜ್ಜಂದಿರು ಕನ್ನಡಕವನ್ನು ಚಾಳೀಸು ಎಂದೇ ಕರೆದರು. ನಮ್ಮ ನೆರೆಯ ಮರಾಠಿ ಬಂಧುಗಳೂ ‘ಚಾಳಿಶಿ ಲಾಗಲಿ’ ಎನ್ನುತ್ತಾರೆ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಎರಡೂ ಭಾಷೆಗಳು ಒಂದೇ ಮಾತನ್ನು ಹೇಳುತ್ತಿವೆ: ನಲವತ್ತು ಬಂದಿತು, ಕನ್ನಡಕ ಬಂದಿತು. ಇಷ್ಟು ಸಹಜವಾದ ಸಂಗತಿಗೆ ಹಿಂದಿನವರು ಹೆಸರಿಟ್ಟು ಸ್ವೀಕರಿಸಿದರು. ನಾವು ಮಾತ್ರ ಅದನ್ನು ಅಡಗಿಸುತ್ತೇವೆ.

ಅಡಗಿಸುವುದರಿಂದ ಆಗುವ ಹಾನಿ ಚಿಕ್ಕದಲ್ಲ. ಮನೆಯ ಮಾತನ್ನೇ ತೆಗೆದುಕೊಳ್ಳಿ. ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾಳೆ. ಅನ್ನದಲ್ಲಿ ಒಂದು ಹರಳು ಹಲ್ಲಿಗೆ ಸಿಕ್ಕರೆ ಊಟಕ್ಕೆ ಕುಳಿತವರೆಲ್ಲ ಅವಳ ಮೇಲೆ ಹರಿಹಾಯುತ್ತಾರೆ. “ಎತ್ತ ಲಕ್ಷ್ಯ ಇರತೈತಿ ನಿನಗ?” ಎನ್ನುತ್ತಾರೆ. ಅವಳ ಲಕ್ಷ್ಯ ಮೊರದಲ್ಲಿಯೇ ಇತ್ತು. ಹರಳು ಕಾಣಲಿಲ್ಲ ಅಷ್ಟೇ. ಸೂಜಿಗೆ ದಾರ ಪೋಣಿಸಲು ಮಗನನ್ನು ಕರೆಯುತ್ತಾಳೆ. ಆಟದಿಂದ ಎದ್ದು ಬರಲು ಮಗ ಗೊಣಗುತ್ತಾನೆ. ಎರಡು ಸಲ ಗೊಣಗಿದರೆ ಮೂರನೆಯ ಸಲ ಅವಳು ಕರೆಯುವುದಿಲ್ಲ. ಹೊಲಿಗೆ ನಿಲ್ಲುತ್ತದೆ. ಸಂಜೆಯ ಹೊತ್ತು ದೀಪದ ಮುಂದೆ ಓದುತ್ತಿದ್ದ ವಚನದ ಪುಸ್ತಕ ಜಗಲಿಯ ಮೇಲೆಯೇ ಉಳಿಯುತ್ತದೆ. “ಈಗ ಓದಾಕ ಮನಸಾಗೂದಿಲ್ಲ” ಎನ್ನುತ್ತಾಳೆ. ಮನಸ್ಸಿಗೆ ಏನೂ ಆಗಿಲ್ಲ. ಕಣ್ಣು ಸಹಕರಿಸುತ್ತಿಲ್ಲ. ಆದರೆ ಬಹಳ ದಿನ ಹೀಗೆಯೇ ನಡೆದರೆ ಮನಸ್ಸಿಗೂ ಆಗುತ್ತದೆ. ತಾನು ಕೆಲಸಕ್ಕೆ ಬಾರದವಳಾದೆ, ತನ್ನ ಕಾಲ ಮುಗಿಯಿತು ಎಂಬ ಭಾವನೆ ನಲವತ್ತೈದರಲ್ಲಿಯೇ ಮನೆಮಾಡುತ್ತದೆ. ಇನ್ನೂ ಅರ್ಧ ಆಯುಷ್ಯ ಮುಂದಿರುವಾಗಲೇ!

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಹಾನಿಯೂ ಇದೆ. ನಮ್ಮ ಮಕ್ಕಳ ಕಣ್ಣಿಗೆ ಪೇಟೆಯಲ್ಲಿ ಬೀಳುವುದು ಬಹುತೇಕ ಮರಾಠಿ ಫಲಕಗಳು. ಮರಾಠಿ ನಮಗೆ ಪರಕೀಯವಲ್ಲ. ನಾವೂ ಅರ್ಧ ಮರಾಠಿಯಲ್ಲಿ ಕಲಿತವರೇ, ಆ ಭಾಷೆಯ ಋಣ ನಮ್ಮ ಮೇಲಿದೆ. ಆದರೆ ಕನ್ನಡದ ಅಕ್ಷರ ಮಗುವಿಗೆ ಸಿಗುವುದು ಎರಡೇ ಕಡೆ: ಶಾಲೆಯಲ್ಲಿ, ಮನೆಯಲ್ಲಿ. ಮನೆಯಲ್ಲಿ ಓದುವವರು ಯಾರು? ತಾಯಿ, ತಂದೆ, ಅಜ್ಜ, ಅಜ್ಜಿ. ಇವರ ಕಣ್ಣು ಮಂಜಾಗಿ ಪುಸ್ತಕ ಮುಚ್ಚಿದರೆ ಆ ಮನೆಯಲ್ಲಿ ಓದುವ ಕನ್ನಡವೂ ಮುಚ್ಚಿದಂತೆಯೇ. ಭಾಷೆ ಉಳಿಯಬೇಕೆಂದು ನಾವು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ತಾಯಿಗೆ ಒಂದು ಓದುವ ಕನ್ನಡಕ ತಂದುಕೊಡುವುದೂ ಭಾಷೆಯ ಸೇವೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ನಿಘಂಟಿನಲ್ಲಿ ಕನ್ನಡವೂ ಕನ್ನಡಕವೂ ಹತ್ತಿರ ಹತ್ತಿರ ಇರುವುದನ್ನು ನೋಡಿ ನಗುವ ವಿದ್ಯಾರ್ಥಿಗಳು ಈ ಮಾತನ್ನೂ ಸ್ವಲ್ಪ ಯೋಚಿಸಲಿ.

ಪಾಲಕರ ಸಭೆಯ ದಿನ ಕಂಡ ಇನ್ನೊಂದು ಸಂಗತಿ. ಪ್ರಗತಿಪತ್ರವನ್ನು ಕೈಯಲ್ಲಿ ಕೊಟ್ಟಾಗ ಕೆಲವು ತಾಯಂದಿರು, “ನೀವ ಓದಿ ಹೇಳ್ರಿ ಸರ್” ಎಂದು ಮರಳಿ ಕೊಡುತ್ತಿದ್ದರು. ಇವರಿಗೆ ಓದಲು ಬರುವುದಿಲ್ಲವೆಂದು ನಾವು ಎಷ್ಟೋ ವರ್ಷ ತಿಳಿದಿದ್ದೆವು. ಕಳೆದ ವರ್ಷ ನಮ್ಮ ಚಾಳೀಸನ್ನೇ ತೆಗೆದು ಒಬ್ಬ ತಾಯಿಗೆ ಕೊಟ್ಟೆವು. ಅವರು ಮಗಳ ಗುಣಗಳನ್ನು ಒಂದೊಂದಾಗಿ ಓದಿದರು, ಕೆಳಗೆ ಬರೆದ ಶಿಕ್ಷಕರ ಅಭಿಪ್ರಾಯವನ್ನೂ ಓದಿದರು. ಓದಿ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಳೆಯನ್ನು ಕೆಳಗಿಡಲಿಲ್ಲ. ತಾವು ಏಳನೆಯ ಇಯತ್ತೆಯವರೆಗೆ ಕಲಿತವರೆಂದು ಆಗ ಹೇಳಿದರು. ಕಾಣುವುದಿಲ್ಲ ಎನ್ನುವುದಕ್ಕಿಂತ ಓದಲು ಬರುವುದಿಲ್ಲ ಎನಿಸಿಕೊಳ್ಳುವುದೇ ಅವರಿಗೆ ಸುಲಭವಾಗಿತ್ತು!

ದುಡಿಮೆಗೂ ಕಣ್ಣಿಗೂ ಇರುವ ಸಂಬಂಧವನ್ನು ನಾವು ಮರೆಯಬಾರದು. ಹತ್ತಿರದ ನೋಟ ಓದುವವರಿಗೆ ಮಾತ್ರ ಬೇಕೆಂಬುದು ತಪ್ಪು ತಿಳುವಳಿಕೆ. ಇಚಲಕರಂಜಿಯ ಮಗ್ಗದಲ್ಲಿ ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವವನಿಗೆ ಬೇಕು. ಹುಪರಿಯಲ್ಲಿ ಬೆಳ್ಳಿಯ ಕಾಲ್ಗೆಜ್ಜೆಗೆ ಬೆಸುಗೆ ಹಾಕುವವನಿಗೆ ಬೇಕು. ಕೊಲ್ಲಾಪುರಿ ಚಪ್ಪಲಿಯ ಜಡೆ ಹೆಣೆಯುವವರಿಗೆ ಬೇಕು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ, ನಮ್ಮ ಪೇಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿ ಆರಿಸುವವರಿಗೆ ಬೇಕು. ಇವರಲ್ಲಿ ಅನೇಕರಿಗೆ ತುಂಡಿನ ಲೆಕ್ಕದಲ್ಲಿ ಕೂಲಿ. ಕಣ್ಣು ತಡೆದರೆ ಕೈ ತಡೆಯುತ್ತದೆ, ಕೈ ತಡೆದರೆ ಕೂಲಿ ಇಳಿಯುತ್ತದೆ. ಆಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೂಲಿಕಾರರ ಮೇಲೆ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹತ್ತಿರದ ನೋಟದ ಕನ್ನಡಕ ಸಿಕ್ಕವರ ದುಡಿಮೆಯ ಏರಿಕೆ, ಸಿಗದವರಿಗಿಂತ ಶೇಕಡಾ 21ಕ್ಕೂ ಮಿಗಿಲಾಗಿತ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಇಂಥದೇ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂದಿತು. ಅಲ್ಲಿ ಕನ್ನಡಕ ಪಡೆದವರ ಆದಾಯ ಮೂರರಲ್ಲಿ ಒಂದು ಪಾಲಿನಷ್ಟು ಹೆಚ್ಚಾಗಿತ್ತು. ಒಂದು ಜೊತೆ ಒಳ್ಳೆಯ ಚಪ್ಪಲಿಗಿಂತ ಕಡಿಮೆ ಬೆಲೆಯ ವಸ್ತುವಿನಿಂದ ಇಷ್ಟು ಲಾಭ! ಆದರೂ ಓದುವ ಕನ್ನಡಕವಿಲ್ಲದೆ ಕಷ್ಟಪಡುವವರು ಜಗತ್ತಿನಲ್ಲಿ 82 ಕೋಟಿಗೂ ಹೆಚ್ಚು ಜನ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ ಹೇಳಿದೆ.

ಕನ್ನಡಕವೇನು ನಿನ್ನೆಯ ವಸ್ತುವಲ್ಲ. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಇಟಲಿಯಲ್ಲಿ ಓದುವ ಕನ್ನಡಕ ತಯಾರಾಗಿತ್ತು. ಏಳು ನೂರು ವರ್ಷ ಹಳೆಯದಾದ ಪರಿಹಾರವೊಂದು ನಮ್ಮ ನೂಲ, ಹಲಕರ್ಣಿ, ನೇಸರಿಯ ಮನೆಗಳಿಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲವೆಂದರೆ ದೋಷ ದಾರಿಯದಲ್ಲ, ನಮ್ಮ ಉದಾಸೀನದ್ದು.

ಉದಾಸೀನಕ್ಕೆ ಜೊತೆಯಾಗಿ ತಪ್ಪು ತಿಳುವಳಿಕೆಗಳೂ ಇವೆ. ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುತ್ತದೆ ಎನ್ನುತ್ತಾರೆ. ಇದು ಸುಳ್ಳು. ಹಾಕಿದರೂ ಹಾಕದಿದ್ದರೂ ಮಸೂರ ಬಿರುಸಾಗುತ್ತಲೇ ಹೋಗುತ್ತದೆ. ಆದುದರಿಂದಲೇ ಅರವತ್ತರವರೆಗೆ ನಂಬರು ಬದಲಾಗುತ್ತದೆ. ಕಣ್ಣಿನ ವ್ಯಾಯಾಮದಿಂದ ಚಾಳೀಸು ಬಿಡಿಸಬಹುದೆಂದು ಮೊಬೈಲಿನಲ್ಲಿ ನೋಡಿ ಕೆಲವರು ನಂಬುತ್ತಾರೆ. ಬಿರುಸಾದ ಮಸೂರ ವ್ಯಾಯಾಮದಿಂದ ಮೆತ್ತಗಾಗುವುದಿಲ್ಲ. ಇನ್ನೊಂದು ನಂಬಿಕೆ ವಿಚಿತ್ರವಾದುದು. ಅರವತ್ತು ದಾಟಿದ ಅಜ್ಜನಿಗೆ ಒಮ್ಮೆಲೆ ಕನ್ನಡಕವಿಲ್ಲದೆ ಅಕ್ಷರ ಕಾಣತೊಡಗುತ್ತದೆ. ಅಜ್ಜನ ಕಣ್ಣು ಹರೆಯಕ್ಕೆ ಮರಳಿತೆಂದು ಮನೆಯವರು ಹಿಗ್ಗುತ್ತಾರೆ. ವಾಸ್ತವವಾಗಿ ಇದು ಅನೇಕ ಸಲ ಕಣ್ಣಿನ ಪೊರೆಯ, ಎಂದರೆ ನಮ್ಮ ಕಡೆಯವರು ಮೋತಿಬಿಂದು ಎನ್ನುವುದರ ಪ್ರಾರಂಭ. ಮಸೂರ ಗಟ್ಟಿಯಾಗಿ ಅದರ ಶಕ್ತಿ ಬದಲಾದುದರಿಂದ ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಹಿಗ್ಗುವ ಬದಲು ವೈದ್ಯರ ಹತ್ತಿರ ಕರೆದೊಯ್ಯಬೇಕು.

ಪೊರೆಯ ಮಾತು ಬಂದಾಗ ಡಾ. ಎಂ. ಸಿ. ಮೋದಿಯವರನ್ನು ನೆನೆಯದಿರಲಾಗದು. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಈ ಪುಣ್ಯಾತ್ಮರು ಆಸ್ಪತ್ರೆಯನ್ನೇ ಹಳ್ಳಿಗಳ ಬಾಗಿಲಿಗೆ ಒಯ್ದರು. ಊರೂರಿಗೆ ನೇತ್ರ ಶಿಬಿರಗಳನ್ನು ಏರ್ಪಡಿಸಿ ಬಡವರ ಕಣ್ಣಿನ ಪೊರೆ ತೆಗೆದರು. ಒಂದೊಂದು ಶಿಬಿರದಲ್ಲಿ ನೂರಾರು ಜನ ಬೆಳಕು ಕಂಡರು. ಭಾರತ ಸರಕಾರ ಅವರಿಗೆ 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ಇತ್ತಿತು. 2005ರಲ್ಲಿ ಅವರು ತೀರಿಕೊಂಡರು. ಅಂದಿನ ಶಿಬಿರಗಳಲ್ಲಿ ಪೊರೆ ತೆಗೆದ ಮೇಲೆ ಸೀಸೆಯ ತಳದಂಥ ದಪ್ಪ ಚಷ್ಮಾ ಹಾಕಬೇಕಾಗುತ್ತಿತ್ತು. ಇಂದು ಕಣ್ಣಿನೊಳಗೇ ಕೃತಕ ಮಸೂರ ಕೂಡಿಸುತ್ತಾರೆ. ಪೊರೆ ಪೂರ್ಣ ‘ಹಣ್ಣಾಗುವವರೆಗೆ’ ಕಾಯಬೇಕೆಂಬ ನಿಯಮವೂ ಈಗಿಲ್ಲ. ನಿತ್ಯದ ಕೆಲಸಕ್ಕೆ ತೊಡಕಾಯಿತೆಂದರೆ ವೈದ್ಯರು ಶಸ್ತ್ರಕ್ರಿಯೆಗೆ ಸಲಹೆ ಕೊಡುತ್ತಾರೆ. ಅಂಧತ್ವ ನಿವಾರಣೆಗೆಂದು ಭಾರತ ಸರಕಾರ 1976ರಲ್ಲಿಯೇ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದೆ. ಅದರ ಅಡಿಯಲ್ಲಿ ಬಡವರಿಗೆ ಪೊರೆಯ ಶಸ್ತ್ರಕ್ರಿಯೆ ಉಚಿತವಾಗಿ ಆಗುತ್ತದೆ.

ಸಂತೆಯಲ್ಲಿ ಸಿಗುವ ಸಿದ್ಧ ಕನ್ನಡಕವನ್ನು ಕೊಳ್ಳಬಾರದೇ ಎಂದು ಕೆಲವರು ಕೇಳುತ್ತಾರೆ. ಎರಡೂ ಕಣ್ಣುಗಳ ದೋಷ ಸಮನಾಗಿದ್ದು, ದೂರದ ನೋಟ ಸ್ವಚ್ಛವಾಗಿದ್ದರೆ ಓದುವ ಮಟ್ಟಿಗೆ ಅದರಿಂದ ಅಪಾಯವಿಲ್ಲ. ಏನೂ ಇಲ್ಲದೆ ಕಷ್ಟಪಡುವುದಕ್ಕಿಂತ ಅದು ಮೇಲು. ಆದರೆ ನಲವತ್ತಕ್ಕೆ ಒಮ್ಮೆ ವೈದ್ಯರಿಂದ ಕಣ್ಣು ಪರೀಕ್ಷೆ ಮಾಡಿಸುವುದಕ್ಕೆ ನಂಬರು ಒಂದೇ ಕಾರಣವಲ್ಲ. ಗ್ಲಾಕೋಮಾ ಎಂಬ ರೋಗವಿದೆ. ಮರಾಠಿಯಲ್ಲಿ ಅದನ್ನು ಕಾಚಬಿಂದು ಎನ್ನುತ್ತಾರೆ. ನಮ್ಮಲ್ಲಿ ಬಹಳ ಜನರಿಗೆ ಅದು ನೋವಿಲ್ಲದೆ, ಸದ್ದಿಲ್ಲದೆ ಬರುತ್ತದೆ, ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಹೋದ ನೋಟ ಮರಳಿ ಬರುವುದಿಲ್ಲ. ಬೇಗ ಕಂಡುಹಿಡಿದರೆ ಉಳಿದುದನ್ನು ಕಾಪಾಡಬಹುದು. ತಂದೆ ತಾಯಿಗೆ, ಅಣ್ಣ ತಮ್ಮಂದಿರಿಗೆ ಈ ರೋಗವಿದ್ದವರು ಹೆಚ್ಚು ಎಚ್ಚರದಿಂದಿರಬೇಕು. ಸಕ್ಕರೆ ರೋಗ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆಯನ್ನು ತೋರಿಸಲೇಬೇಕು. ತಂಬಾಕು ಪುಪ್ಪುಸಕ್ಕಷ್ಟೇ ಅಲ್ಲ, ಕಣ್ಣಿಗೂ ಶತ್ರು. ಬೀಡಿ ಸಿಗರೇಟು ಸೇದುವವರಿಗೆ ಪೊರೆ ಬರುವ ಸಂಭವ ಹೆಚ್ಚು.

ಈಗ ಮಾಡಬೇಕಾದುದೇನು? ವಿದ್ಯಾರ್ಥಿ ಮಿತ್ರರೆ, ಮೊದಲ ಕೆಲಸ ನಿಮ್ಮದು. ಈ ಸಂಚಿಕೆಯನ್ನು ಮನೆಗೆ ಒಯ್ದು ಇದೇ ಪುಟವನ್ನು ನಿಮ್ಮ ಅಪ್ಪ ಅವ್ವನ ಕೈಯಲ್ಲಿ ಕೊಡಿರಿ. ಹಗಲು ಬೆಳಕಿನಲ್ಲಿ, ಒಂದು ಮೊಳ ದೂರದಲ್ಲಿ ಹಿಡಿದು ಓದಲು ಹೇಳಿರಿ. ಕೈ ಮುಂದಕ್ಕೆ ಚಾಚಿದರೆ, ಹುಬ್ಬು ಗಂಟಿಕ್ಕಿದರೆ, “ಆಮ್ಯಾಲ ಓದ್ತೀನಿ” ಎಂದು ಬದಿಗಿಟ್ಟರೆ ನಿಮಗೆ ಉತ್ತರ ಸಿಕ್ಕಂತೆ. ನಗಬೇಡಿರಿ. ಅವ್ವ ಸೂಜಿ ಹಿಡಿದು ಕರೆದರೆ ಮೊದಲ ಕರೆಗೇ ಏಳಿರಿ. ಏಳುವುದರ ಜೊತೆಗೆ, “ಅವ್ವಾ, ಕಣ್ಣು ತೋರಿಸ್ಕೊಂಡು ಬರೂಣು” ಎಂದೂ ಹೇಳಿರಿ.

ಪಾಲಕರಲ್ಲಿ ನಮ್ಮ ವಿನಂತಿ ಒಂದೇ. ಮನೆಯ ಖರ್ಚಿನ ಯಾದಿಯಲ್ಲಿ ತಾಯಿಯ ಕಣ್ಣು ಕೊನೆಯ ಸಾಲಾಗದಿರಲಿ. ಗಂಡಸರ ಚಷ್ಮಾ ಅವಶ್ಯಕತೆ, ಹೆಂಗಸರ ಚಷ್ಮಾ ಸೋಗು ಎಂಬ ಭಾವನೆ ನಮ್ಮ ಓಣಿಗಳಲ್ಲಿ ಇನ್ನೂ ಇದೆ. ಹರಳನ್ನು ಆರಿಸುವ ಕಣ್ಣಿಗೆ ಲೆಕ್ಕ ಬರೆಯುವ ಕಣ್ಣಿನಷ್ಟೇ ಹಕ್ಕಿದೆ.

ಶಾಲೆಯ ಹೊಣೆಯೂ ಇದೆ. ಪಾಲಕರ ಸಭೆಯ ದಿನ ಗ್ರಂಥಾಲಯದ ಮೇಜಿನ ಮೇಲೆ ಬೇರೆ ಬೇರೆ ನಂಬರಿನ ಮೂರು ಓದುವ ಕನ್ನಡಕಗಳನ್ನು ಇಡಬೇಕೆಂದು ನಾವು ಸೂಚಿಸುತ್ತೇವೆ. ಬಂದವರು ಹಾಕಿಕೊಂಡು ತಮ್ಮ ಮಕ್ಕಳ ಪ್ರಗತಿಪತ್ರವನ್ನು ತಾವೇ ಓದಲಿ, ಓದಿ ಸಹಿ ಮಾಡಲಿ. ವರ್ಷಕ್ಕೊಂದು ಸಲ ಮಕ್ಕಳ ಕಣ್ಣಿನ ತಪಾಸಣೆಯ ದಿನವೇ ಪಾಲಕರ ತಪಾಸಣೆಯೂ ಆಗಲಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಮನಸ್ಸು ಬೇಕು.

ಆ ಹುಡುಗ ಈಗ ಹತ್ತನೆಯ ಇಯತ್ತೆಯಲ್ಲಿದ್ದಾನೆ. ಮೊನ್ನೆ ಅವನ ನಿಬಂಧವನ್ನು ತಿದ್ದುವಾಗ ಒಂದು ಕಡೆ ‘ಧೈರ್ಯ’ದ ಗೀಟು ನಿಜವಾಗಿಯೂ ತಪ್ಪಿತ್ತು. ಕರೆದು ತೋರಿಸಿದೆವು. ಅವನು ವಹಿಯನ್ನು ನೋಡಿದ, ನಮ್ಮ ಚಾಳೀಸನ್ನು ನೋಡಿದ. “ಈ ಸಲ ನಂದ ತಪ್ಪೈತ್ರಿ ಸರ್” ಎಂದು ನಗುತ್ತ ತಿದ್ದಿಕೊಂಡ. ಆ ನಗು ಮರಳಿ ಬಂದುದಕ್ಕೆ ನಾವು ನಮ್ಮ ಚಾಳೀಸಿಗೆ ಋಣಿಯಾಗಿದ್ದೇವೆ.